‘ಎಲ್ಲಿ ಕುಂತಿತ್ತು?’: ಬಾದಾಮಿ ಕಲ್ಲಿನಿಂದ ಡೋಣಿ ಸೀಮೆಯ ಜೋಳದವರೆಗೆ

ಹೋದ ಚಳಿಗಾಲದಲ್ಲಿ ನಾನೊಂದು ಫೋಟೊ ತೆಗೆದಿದ್ದೆ. ಬೂದು-ಕಂದು ಬಣ್ಣದ, ಗುಬ್ಬಿಯಂಥ ಒಂದು ಹಕ್ಕಿ. ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಪುಸ್ತಕದ ಚಿತ್ರದ ಪಕ್ಕ ಹಿಡಿದು ನೋಡಿ, ಫೈಲಿಗೆ ‘ಗ್ರೇ ನೆಕ್ಡ್ ಬಂಟಿಂಗ್’ (ಬೂದುಕತ್ತಿನ ಬಂಟಿಂಗ್, ಚಳಿಗಾಲಕ್ಕೆ ಬರುವ ವಲಸೆ ಹಕ್ಕಿ) ಎಂದು ಹೆಸರು ಕೊಟ್ಟೆ. ಬೆಳಗಾವಿಯ ಒಂದು ಚಹಾದಂಗಡಿಯಲ್ಲಿ ಪ್ರತಿ ಭಾನುವಾರ ನಾವು ನಾಲ್ಕೈದು ಜನ ಹಕ್ಕಿ ಹುಚ್ಚಿನವರು ಸೇರುತ್ತೇವೆ. ಅಲ್ಲಿ ಫೋನು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಭೇಷ್ ಎಂದರು. ನಮ್ಮಲ್ಲಿ ಒಬ್ಬರು ನಿವೃತ್ತ ಶಾಲಾ ಮಾಸ್ತರು. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿ, ಒಂದೇ ಮಾತು ಕೇಳಿದರು: “ಎಲ್ಲಿ ಕುಂತಿತ್ತು?”

ನನಗೆ ಒಳಗೊಳಗೇ ಸಿಟ್ಟು. ಎಲ್ಲಿ ಕೂತರೇನು? ಹಕ್ಕಿ ಇಷ್ಟು ಸ್ಪಷ್ಟ ಕಾಣುತ್ತಿದೆಯಲ್ಲ! “ರಾಮದುರ್ಗದ ಆಚೆ” ಎಂದು ಹೇಳಿ ಮಾತು ತೇಲಿಸಿಬಿಟ್ಟೆ.

ಈ ಸಲ ಜನವರಿ ಕೊನೆಯ ವಾರ ಅವರೇ ಫೋನ್ ಮಾಡಿದರು. “ನಾಕು ದಿನ ಬಿಡುವು ಮಾಡ್ಕೋರಿ. ನಿಮ್ಮ ಬಂಟಿಂಗ್ ನೋಡಿ ಬರೂಣು.” ‘ನಿಮ್ಮ’ ಅನ್ನುವ ಮಾತಿಗೆ ಸ್ವಲ್ಪ ಜಾಸ್ತಿಯೇ ಒತ್ತು ಇತ್ತು.

ಮೊದಲ ದಿನ: ಬೆಳಗಾವಿಯಿಂದ ಬಾದಾಮಿಗೆ

ಬೆಳಿಗ್ಗೆ ಆರಕ್ಕೆ ಹೊರಡಬೇಕಿದ್ದವರು ಒಂಬತ್ತಕ್ಕೆ ಹೊರಟೆವು. ಹಿಂದಿನ ರಾತ್ರಿ ನಾನು ಕಾರಿನ ದೀಪ ಆರಿಸದೆ ಮಲಗಿದ್ದೆ. ಬ್ಯಾಟರಿ ಕೂತುಬಿಟ್ಟಿತ್ತು. ಮಾಸ್ತರು ಏನೂ ಅನ್ನಲಿಲ್ಲ, ಕಟ್ಟೆಯ ಮೇಲೆ ಕೂತು ಪೇಪರ್ ಓದಿದರು. ಅವರು ಬೈದಿದ್ದರೇ ವಾಸಿ ಇತ್ತು.

ಯರಗಟ್ಟಿ, ರಾಮದುರ್ಗ ದಾಟಿ ಬಾದಾಮಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಸಾಮಾನು ಲಾಡ್ಜಿನಲ್ಲಿ ಎಸೆದು ಅಗಸ್ತ್ಯ ಹೊಂಡದ ದಂಡೆ ಹಿಡಿದು ಭೂತನಾಥ ಗುಡಿಯ ಕಡೆ ನಡೆದೆವು. ಸಂಜೆಯ ಬೆಳಕಿಗೆ ಮರಳುಗಲ್ಲಿನ ಗೋಡೆಗಳು ಕೆಂಡದ ಹಾಗೆ ಕಾಣುತ್ತವೆ. ಇದನ್ನು ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ಗುಡಿಯ ಹಿಂದಿನ ಒಣ ಗಿಡದ ಮೇಲೆ ಬೂದು ಬಣ್ಣದ ಗುಬ್ಬಿಯೊಂದು ಕೂತಿತ್ತು. ನನ್ನ ಎದೆ ಹೊಡೆದುಕೊಂಡಿತು. ಕೈ ಮಾಡಿ ತೋರಿಸಿದೆ. ಮಾಸ್ತರು ದುರ್ಬೀನು ಎತ್ತಿದರು, ಇಳಿಸಿದರು. “ಭುಜ ನೋಡ್ರಿ.” ಭುಜದಲ್ಲಿ ಇಟ್ಟಂಗಿ ಬಣ್ಣದ ಮಚ್ಚೆ, ಅದರ ಕೆಳಗೆ ಬಿಳಿ ಪಟ್ಟಿ. ಕತ್ತು ಎತ್ತಿದಾಗ ಗಂಟಲಲ್ಲಿ ಒಂದು ಹಳದಿ ಬೊಟ್ಟು. ಹಳದಿಗಂಟಲ ಗುಬ್ಬಿ! ಪಕ್ಷಿತಜ್ಞ ಸಲೀಂ ಅಲಿಯವರು ಚಿಕ್ಕ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದು, ಇದ್ಯಾವ ಗುಬ್ಬಿ ಎಂದು ತಿಳಿಯದೆ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದಿದ್ದು ಇದೇ ಜಾತಿಯ ಹಕ್ಕಿಯನ್ನು. ಅಲ್ಲಿಂದಲೇ ಅವರ ದಾರಿ ತಿರುಗಿತು. ಗೊತ್ತಿಲ್ಲ ಅಂತ ಹೋಗಿ ಕೇಳಿದ್ದರಿಂದ ಅವರಿಗೆ ಅಷ್ಟು ದೊಡ್ಡ ಲಾಭ ಆಯಿತು. ನಾನೋ, ಗೊತ್ತು ಅಂತ ಹೆಸರು ಬರೆದುಕೊಂಡು ಕೂತವನು.

ರಾತ್ರಿ ಊಟಕ್ಕೆ ಕಡಕ್ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ. ಮಾಸ್ತರು ರೊಟ್ಟಿ ಮುರಿಯುತ್ತಾ ಪಾಠ ಶುರು ಮಾಡಿದರು. ಬಂಟಿಂಗ್, ಫಿಂಚ್, ಗುಬ್ಬಿ ಮೂರೂ ಕಾಳು ತಿನ್ನುವ ಹಕ್ಕಿಗಳು. ಮೂರಕ್ಕೂ ಮೊಂಡು ಕೊಕ್ಕು. ಹಾಗಾಗಿ ಹಳಬರು ಬಂಟಿಂಗುಗಳನ್ನೂ ಫಿಂಚ್ ಮನೆತನಕ್ಕೇ ಸೇರಿಸಿದ್ದರು. ಈಗ ಅವಕ್ಕೆ ಬೇರೆ ಮನೆ ಮಾಡಿಕೊಟ್ಟಿದ್ದಾರೆ. “ಅಣ್ತಮ್ರು ಪಾಲಾದಂಗ,” ಎಂದರು. “ಆದ್ರ ಮೋರೆ ಇನ್ನೂ ಒಂದ ಥರಾ ಐತಿ.”

ಎರಡನೆಯ ದಿನ: ಸಿದ್ಲಫಡಿ ದಾರಿಯಲ್ಲಿ

ಬಾದಾಮಿಯ ಬೆನ್ನಿಗಿರುವ ಗುಡ್ಡದ ಮೇಲೆ ಸಿದ್ಲಫಡಿ ಎಂಬ ಜಾಗ ಇದೆ. ಸಿಡಿಲು ಬಡಿದು ತೂತು ಬಿದ್ದ ಹಾಗೆ ಕಾಣುವ ದೊಡ್ಡ ಬಂಡೆಯಾಸರೆ, ಒಳಗೆ ಆದಿಮಾನವರು ಬಿಡಿಸಿದ ಚಿತ್ರಗಳು. ಅಲ್ಲಿಗೆ ಹೋಗುವ ಕಾಲುದಾರಿಯೇ ನಮಗೆ ಬೇಕಾಗಿದ್ದು. ಚಪ್ಪಟೆ ಕಲ್ಲುಹಾಸು, ಸಂದಿಗಳಲ್ಲಿ ಒಣಗಿದ ಕರಡ, ಅಲ್ಲೊಂದು ಇಲ್ಲೊಂದು ಕವಳಿ, ಕಾರೆ, ಬಾರಿ ಕಂಟಿ. ಮರ ಅನ್ನುವಂಥದ್ದು ಕಮ್ಮಿ.

ಬೆಳಕು ಹರಿಯುವ ಮುಂಚೆಯೇ ಹೋಗಿ ಕೂತೆವು. ಹತ್ತು ಗಂಟೆಯವರೆಗೆ ಕಂಡದ್ದು: ಕಲ್ಲಿನಿಂದ ಕಲ್ಲಿಗೆ ಹಾರುವ ಒಂದು ನೀಲಿ ಬಂಡೆ ಸಿಳ್ಳಾರ, ಬಾಲ ಎತ್ತಿ ಕುಣಿಯುವ ಇಂಡಿಯನ್ ರಾಬಿನ್ ಜೋಡಿ, ಕಂದುಬಾಲದ ನೆಲಗುಬ್ಬಿ, ಮತ್ತು ನನ್ನ ಬಾಳೆಹಣ್ಣು ಕಸಿದುಕೊಂಡು ಹೋದ ಒಂದು ಮಂಗ. ಬಂಟಿಂಗ್ ಇಲ್ಲ.

ಒಂದು ಸಲ ಮಾತ್ರ, ನಾನು ಎದ್ದು ನಿಂತು ಮೈ ಮುರಿದಾಗ, ಹತ್ತು ಹೆಜ್ಜೆ ದೂರದಲ್ಲಿ ನೆಲದಿಂದ ಏನೋ ಎದ್ದು ಹಾರಿತು. ‘ಟಿಪ್’ ಎಂದು ಸಣ್ಣ ಸದ್ದು. ಬಾಲದ ಎರಡೂ ಅಂಚಿನಲ್ಲಿ ಬಿಳಿ ಮಿಂಚಿದ ಹಾಗಾಯಿತು. ಬಂಡೆಯ ಆಚೆ ಇಳಿಯಿತು. ಓಡಿ ಹೋದೆ. ಏನೂ ಇಲ್ಲ. ಬೂದು ಕಲ್ಲು, ಕೆಂಪು ಕಲ್ಲು, ಒಣ ಹುಲ್ಲು.

“ಅದಾ ಇತ್ತು,” ಎಂದೆ.

“ಇರಬೌದು,” ಎಂದರು ಮಾಸ್ತರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಕದ್ದು ನೋಡಿದೆ: ‘ಬಂಟಿಂಗ್, ಯಾವುದೋ. ಬಾಲದಲ್ಲಿ ಬಿಳಿ.’ ಅಷ್ಟೇ. ‘ಯಾವುದೋ’ ಅನ್ನುವ ಪದ ನನ್ನ ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ.

ವಾಪಸ್ ಬರುವಾಗ ಹೊಂಡದ ಹತ್ತಿರದ ಲಂಟಾನ ಪೊದೆಯಲ್ಲಿ ಕಂದು ಹಕ್ಕಿಯೊಂದು ಸದ್ದಿಲ್ಲದೆ ಕೂತು ಹಣ್ಣು ಅಗಿಯುತ್ತಿತ್ತು. ನಾನು ಈ ಸಲ ಬಾಯಿ ಬಿಡಲಿಲ್ಲ. ಮೈಯೆಲ್ಲ ಮಾಸಲು ಕಂದು, ಎದೆಯಲ್ಲಿ ಗೀರು, ರೆಕ್ಕೆಯಲ್ಲಿ ಎರಡು ತೆಳು ಪಟ್ಟಿ. ಬರೀ ಮುಖದಲ್ಲಿ ಒಂದು ಕರಿ ಮಣಿಯಂಥ ಕಣ್ಣು. ಕೊಕ್ಕು ಮಾತ್ರ ಗುಂಡಗೆ, ಉಬ್ಬಿಕೊಂಡಿತ್ತು.

“ಇದ ನೋಡ್ರಿ ಖರೇ ಫಿಂಚ್,” ಎಂದು ಮಾಸ್ತರು ಪಿಸುಗುಟ್ಟಿದರು. ಕಾಮನ್ ರೋಸ್‌ಫಿಂಚ್. ಬೆಳೆದ ಗಂಡಿಗೆ ತಲೆ, ಎದೆ ಗುಲಾಬಿಗೆಂಪು. ಹೆಣ್ಣು ಹೀಗೆ ಮಣ್ಣಿನ ಬಣ್ಣ. ತಮಾಷೆ ಏನೆಂದರೆ, ಒಂದು ವರ್ಷದ ಗಂಡೂ ಹೆಣ್ಣಿನ ವೇಷದಲ್ಲೇ ಇರುತ್ತದೆ. ಅದೇ ವೇಷದಲ್ಲಿ ಹಾಡುತ್ತದೆ, ಜೊತೆಯನ್ನೂ ಹುಡುಕಿಕೊಳ್ಳುತ್ತದೆ. ಹಾಗಾಗಿ ನಮ್ಮ ಮುಂದಿದ್ದದ್ದು ಹೆಣ್ಣೋ, ಹರೆಯದ ಹುಡುಗನೋ, ಹೇಳುವ ಹಾಗಿಲ್ಲ. ಬೇಸಿಗೆಯಲ್ಲಿ ಇವು ಹಿಮಾಲಯದ ಎತ್ತರದ ಪೊದೆಗಾಡುಗಳಲ್ಲಿ, ಇನ್ನೂ ಉತ್ತರಕ್ಕೆ ಯುರೋಪು ಏಷ್ಯಾದ ಉದ್ದಕ್ಕೂ ಮರಿ ಮಾಡುತ್ತವೆ. ಚಳಿಗಾಲದಲ್ಲಿ ನಮ್ಮ ಕಡೆ ಬಂದು ಬೇಲಿ, ಪೊದೆ ಹುಡುಕುತ್ತವೆ.

ಅಲ್ಲಿಯೇ ಅವರು ಕೊಕ್ಕಿನ ಗುಟ್ಟು ಹೇಳಿದರು. ಫಿಂಚಿನ ಕೊಕ್ಕು ಮುಚ್ಚಿದಾಗ ಮೇಲಿನದು ದಪ್ಪ, ಉಬ್ಬು. ಬಂಟಿಂಗಿನದು ಹಾಗಲ್ಲ. ಮೇಲಿನ ಕೊಕ್ಕು ಸಣ್ಣದು, ಕೆಳಗಿನದು ಗಟ್ಟಿ. ಎರಡೂ ಸೇರುವ ಗೆರೆ ಬಾಯಿಯ ಮೂಲೆಯ ಹತ್ತಿರ ಥಟ್ಟನೆ ಕೆಳಗೆ ಬಾಗುತ್ತದೆ. ಯಾರ ಮೇಲೋ ಮುನಿಸಿಕೊಂಡ ಮುಖದ ಹಾಗೆ. ಅಂಗುಲದ ಅರ್ಧದಷ್ಟೂ ಇಲ್ಲದ ಕೊಕ್ಕಿನಲ್ಲಿ ಇದನ್ನು ನೋಡಬೇಕಾದರೆ ಹಕ್ಕಿ ಹತ್ತಿರ ಇರಬೇಕು, ನಮಗೆ ಪುರುಸೊತ್ತು ಇರಬೇಕು. ನನ್ನ ಹಳೆಯ ಫೋಟೊದಲ್ಲಿ ಕೊಕ್ಕು ಹೇಗಿತ್ತು? ಆ ರಾತ್ರಿ ಫೋನು ತೆಗೆದು ನೋಡಿದೆ. ಗೆರೆ ಬಾಗಿತ್ತು. ಬಂಟಿಂಗ್ ಹೌದು! ಖುಷಿಯಿಂದ ಮಲಗಿದೆ.

ಮೂರನೆಯ ದಿನ: ಐಹೊಳೆ, ಮೇಗುಟಿ

ಪಟ್ಟದಕಲ್ಲು ದಾಟಿ ಐಹೊಳೆಗೆ ಬೇಗನೆ ಬಂದೆವು. ದುರ್ಗದ ಗುಡಿಯನ್ನು ಕಾರಿನ ಕಿಟಕಿಯಿಂದಲೇ ಮುಗಿಸಿ, ನೇರ ಮೇಗುಟಿ ಗುಡ್ಡದ ಮೆಟ್ಟಿಲು ಹತ್ತಿದೆವು. ಇತಿಹಾಸ ಪ್ರಿಯರು ಕ್ಷಮಿಸಬೇಕು. ಆದರೆ ಮೇಗುಟಿಯ ಜಿನಾಲಯದ ಗೋಡೆಯ ಮುಂದೆ ಮಾಸ್ತರು ನಿಂತೇಬಿಟ್ಟರು. 634ರಲ್ಲಿ ರವಿಕೀರ್ತಿ ಬರೆಸಿದ ಶಾಸನ, ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಶಾಲೆಯಲ್ಲಿ ಎಷ್ಟು ವರ್ಷ ಕಲಿಸಿದ ಪಾಠವೋ, ಬೆರಳು ಗಾಳಿಯಲ್ಲೇ ಅಕ್ಷರದ ಮೇಲೆ ಓಡುತ್ತಿತ್ತು. ನಾನು ಸುಮ್ನೆ ಗಡಿಯಾರ ನೋಡುತ್ತಿದ್ದೆ.

ಗುಡಿಯ ಹಿಂದೆ ಗುಡ್ಡದ ತಲೆ ಅಗಲವಾಗಿ ಹರಡಿಕೊಂಡಿದೆ. ಅಲ್ಲಿ ಚಾಲುಕ್ಯರಿಗಿಂತ ಎಷ್ಟೋ ಹಳೆಯ, ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಗೋರಿಗಳಿವೆ. ಸುತ್ತ ಮೊಣಕಾಲುದ್ದದ ಕಂಟಿ, ಚೂರು ಕಲ್ಲು, ಕಾಳುದುರಿದ ಹುಲ್ಲು. ಒಬ್ಬ ಕುರಿ ಕಾಯುವ ಹುಡುಗ ಚಪ್ಪಡಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ.

“ಏನ್ ಹುಡಕಾಕತ್ತೀರಿ?”

“ಗುಬ್ಬಿ.”

ಅವನಿಗೆ ನಗು. ಇಷ್ಟು ದೊಡ್ಡ ದುರ್ಬೀನು, ಇಷ್ಟು ದೂರದ ಊರು, ಗುಬ್ಬಿ! ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಕೇಳಿದ: “ಹೊಲದ ಗುಬ್ಬಿಯೋ, ಕಲ್ಲಿನ ಗುಬ್ಬಿಯೋ?”

ನಾನು ಮಾಸ್ತರ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು, ಮೀಸೆಯೊಳಗೆ ಏನೋ ನಡೆದಿತ್ತು.

“ಕಲ್ಲಿಂದು,” ಎಂದೆ.

“ಅಲ್ಲೇ ಅದಾವಲ್ರೀ.” ಕೋಲು ಚಾಚಿದ.

ಇಪ್ಪತ್ತು ಹೆಜ್ಜೆ ದೂರ. ಬರೀ ಕಲ್ಲು ಕಂಡಿತು. ಆಮೇಲೆ ಒಂದು ಕಲ್ಲು ಕುಪ್ಪಳಿಸಿತು. ಅದರ ಹಿಂದೆ ಇನ್ನೊಂದು. ನಾಲ್ಕು ಹಕ್ಕಿಗಳು ನೆಲಕ್ಕೆ ಮೈ ಹಚ್ಚಿಕೊಂಡು, ಹುಲ್ಲಿನ ಬುಡದಲ್ಲಿ ಉದುರಿದ ಕಾಳು ಆರಿಸುತ್ತಿದ್ದವು. ಮೊಣಕಾಲೂರಿ ಕೂತೆವು. ಕುರಿಗಳಿಗೆ ಹೆದರದ ಹಕ್ಕಿ, ಕೂತ ಮನುಷ್ಯನಿಗೂ ಅಷ್ಟಾಗಿ ಹೆದರಲಿಲ್ಲ. ಅರ್ಧ ಗಂಟೆ ನೋಡಿದೆವು.

ಈಗ ಹೇಳುತ್ತೇನೆ, ಗ್ರೇ ನೆಕ್ಡ್ ಬಂಟಿಂಗ್ ಹೇಗಿರುತ್ತದೆ ಎಂದು. ಊರಗುಬ್ಬಿಯಷ್ಟೇ ಗಾತ್ರ, ಸುಮಾರು 15 ಸೆಂಟಿಮೀಟರ್. ಬಾಲ ಮಾತ್ರ ಗುಬ್ಬಿಗಿಂತ ಉದ್ದ ಅನಿಸುತ್ತದೆ. ಗಂಡಿನ ತಲೆ, ಕತ್ತು ಬೂದಿ ಬಣ್ಣ. ಅದು ಹೊಳೆಯುವ ಬೂದಿಯಲ್ಲ, ಒಲೆಯ ಬೂದಿ. ಕಣ್ಣಿನ ಸುತ್ತ ತೆಳ್ಳಗಿನ ಬಿಳಿ ಉಂಗುರ. ಇದೊಂದು ಕಂಡರೆ ಅರ್ಧ ಕೆಲಸ ಮುಗಿಯಿತು. ಆ ಉಂಗುರದಿಂದ ಹಕ್ಕಿಗೆ ಸದಾ ಆಶ್ಚರ್ಯಪಟ್ಟ ಮುಖ. ಕೊಕ್ಕು ಗುಲಾಬಿ, ಕಾಲೂ ಗುಲಾಬಿ. ಕೊಕ್ಕಿನ ಬುಡದಿಂದ ಕೆಳಗೆ ಮಾಸಲು ಬಿಳಿಯ ಮೀಸೆಗೆರೆ ಇಳಿಯುತ್ತದೆ, ಗಂಟಲೂ ಅದೇ ಬಣ್ಣ. ಎದೆ, ಹೊಟ್ಟೆ ತುಕ್ಕಿನ ಗುಲಾಬಿ. ಚಳಿಗಾಲದಲ್ಲಿ ಹೊಸ ಗರಿಗಳ ತುದಿ ಬಿಳಿಚಿಕೊಂಡಿರುವುದರಿಂದ ಆ ಬಣ್ಣ ಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಮಸುಕು. ತುದಿ ಸವೆಯುತ್ತಾ ಹೋದಂತೆ, ಊರಿಗೆ ಮರಳುವ ಹೊತ್ತಿಗೆ, ಕೆಂಪು ಹೊರಗೆ ಬರುತ್ತದೆ. ಬೆನ್ನು ಕಂದು, ಗೀರು ತೆಳು. ಹೆಣ್ಣು ಇನ್ನೂ ಮಸುಕು, ಎದೆಯಲ್ಲಿ ಸಣ್ಣ ಗೀರು. ಉಂಗುರ ಮಾತ್ರ ಅದಕ್ಕೂ ಇದೆ. ಹಾರಿದಾಗ ಬಾಲದ ಹೊರಗರಿಗಳಲ್ಲಿ ಬಿಳಿ ಹೊಳೆಯುತ್ತದೆ. ಇದಕ್ಕೆ ತೀರಾ ಹತ್ತಿರದ ನೆಂಟ ಆರ್ಟೊಲಾನ್ ಬಂಟಿಂಗ್. ಅದರ ತಲೆಯಲ್ಲಿ ಹಸಿರು ಛಾಯೆ, ಉಂಗುರ ಮತ್ತು ಗಂಟಲು ಹಳದಿ.

ಇಷ್ಟೆಲ್ಲ ಬರೆದ ಮೇಲೂ, ದಾರಿಯಲ್ಲಿ ನಡೆದು ಹೋಗುವವರಿಗೆ ಅದು ಒಂದು ಕಲ್ಲಷ್ಟೇ.

ಅದರ ಊರು ಎಲ್ಲಿ ಗೊತ್ತಾ? ತುರ್ಕಿಯ ಪೂರ್ವದಿಂದ ಇರಾನ್, ಅಫ್ಘಾನಿಸ್ತಾನ, ಕಜಕಸ್ತಾನ ದಾಟಿ ಮಂಗೋಲಿಯಾದವರೆಗೆ. ಅಲ್ಲಿನ ಹುಲ್ಲುಬಯಲ ಅಂಚಿನ ಗುಡ್ಡಗಳಲ್ಲಿ, ಬೆಟ್ಟಗಳ ಕಲ್ಲಿನ ಇಳಿಜಾರಿನಲ್ಲಿ, ಗಿಡ್ಡ ಪೊದೆಗಳ ನಡುವೆ, ನೆಲದ ಮೇಲೇ ಗೂಡು. ಚಳಿಗಾಲದಲ್ಲಿ ಆ ಸೀಮೆಯ ಹಿಮದಡಿ ಕಾಳು ಮುಚ್ಚಿಹೋಗುತ್ತದೆ. ಹಾಗಾಗಿ ಬಹುಪಾಲು ಹಕ್ಕಿಗಳು ಭಾರತ, ಪಾಕಿಸ್ತಾನದ ಒಣ ಸೀಮೆಗೆ ಇಳಿಯುತ್ತವೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಆ ಹೊತ್ತಿಗೆ ಇಲ್ಲಿ ಒಣಗಿ, ಕಾಳು ಉದುರಿಸಿ ಬಿದ್ದಿರುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಮಲೆನಾಡಿನ ಹಸಿರು ಹುಡುಕುವುದಿಲ್ಲ, ಕೆರೆ ತೋಟ ಹುಡುಕುವುದಿಲ್ಲ. ತನ್ನ ಊರಿನಂಥದೇ ಒಂದು ಬೋಳುಗುಡ್ಡ ಹುಡುಕಿ ಇಳಿಯುತ್ತದೆ. ನಾವು ‘ಬಂಜರು’ ಎಂದು ಕಾಗದದಲ್ಲಿ ಬರೆಯುವ ಜಾಗ ಅದು. ಕಲ್ಲು ಕ್ವಾರಿಗೆ ಕೊಡುವಾಗ, ಸಸಿ ನೆಡುವಾಗ ಯಾರೂ ಎರಡನೇ ಸಲ ಯೋಚಿಸದ ಜಾಗ. ಖಾಲಿ ಅನ್ನಿಸಿದ್ದಕ್ಕೆಲ್ಲ ಗಿಡ ನೆಟ್ಟು ಪುಣ್ಯ ಕಟ್ಟಿಕೊಳ್ಳುವ ನಮ್ಮ ಹುಮ್ಮಸ್ಸಿಗೆ ಈ ಹಕ್ಕಿ ಏನನ್ನುತ್ತದೋ.

ಇನ್ನೊಂದು ಸಂಗತಿ. ಇದರ ಶಾಸ್ತ್ರೀಯ ಹೆಸರು ಎಂಬೆರಿಜಾ ಬುಕನನಿ. ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಇಟ್ಟದ್ದು. ಆ ಬುಕನನ್ ಯಾರು? ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆದೇಶದ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಅದೇ ಡಾಕ್ಟರ್ ಫ್ರಾನ್ಸಿಸ್ ಬುಕನನ್. ಯಾವ ಊರಲ್ಲಿ ಏನು ಬೆಳೆ, ಎಷ್ಟು ಬೀಜ, ಎಷ್ಟು ಕಂದಾಯ, ಎಲ್ಲ ಬರೆದಿಟ್ಟವನು. ಕಾಳಿನ ಲೆಕ್ಕ ಬರೆದವನ ಹೆಸರು ಕಾಳು ಹೆಕ್ಕುವ ಹಕ್ಕಿಗೆ! ಮಾಸ್ತರಿಗೆ ಇದು ಬಲು ಇಷ್ಟದ ಮಾತು. ಇಳಿಯುವಾಗ ಎರಡು ಸಲ ಹೇಳಿದರು.

ಕುರಿ ಹುಡುಗನಿಗೆ ದುರ್ಬೀನು ಕೊಟ್ಟೆವು. ಹಕ್ಕಿಯನ್ನು ಅರೆ ನಿಮಿಷ ನೋಡಿದ. ಆಮೇಲೆ ತಿರುಗಿಸಿ ಕೆಳಗೆ ಊರಿನಲ್ಲಿ ತನ್ನ ಮನೆ ಹುಡುಕತೊಡಗಿದ. ಅದರಲ್ಲೇ ಅವನಿಗೆ ಖುಷಿ ಜಾಸ್ತಿ.

ಮಧ್ಯಾಹ್ನ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದದ ಮೇಲೆ ಹಾದು, ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟಿ ರಾತ್ರಿ ವಿಜಯಪುರ ಸೇರಿದೆವು.

ನಾಲ್ಕನೆಯ ದಿನ: ಡೋಣಿ ಸೀಮೆ

ಹಕ್ಕಿ ಸಿಕ್ಕಿತಲ್ಲ, ಇನ್ನೇನು, ಗೋಲಗುಮ್ಮಟ ನೋಡಿ ಮನೆಗೆ ಹೋಗೋಣ ಎಂದೆ. “ಇನ್ನೂ ಅರ್ಧ ಉಳದೈತಿ,” ಎಂದರು ಮಾಸ್ತರು.

ವಿಜಯಪುರದ ಹೊರಗೆ ಡೋಣಿ ಹೊಳೆಯ ಸೀಮೆ. ಗುಡ್ಡವಿಲ್ಲ, ಕಲ್ಲಿಲ್ಲ. ಕಣ್ಣು ಹಾಯುವಷ್ಟು ಕರಿ ನೆಲ, ಅದರ ಮೇಲೆ ಎದೆಯೆತ್ತರದ ಬಿಳಿಜೋಳ. ಹಿಂಗಾರಿ ಬೆಳೆ ಹಾಲುಗಾಳಿಗೆ ಬಂದಿತ್ತು. ಮಾಸ್ತರ ಹಳೆಯ ಶಿಷ್ಯರೊಬ್ಬರ ಹೊಲ. ಬದುವಿನಲ್ಲಿ ಕುಳ್ಳು, ಕಂಕಿ ಸುಟ್ಟು ಕೆಂಡ ಮಾಡಿ, ಎಳೆ ತೆನೆಗಳನ್ನು ಅದರಲ್ಲಿ ಹುದುಗಿಸಿದ್ದರು. ಸೀತನಿ! ಸುಟ್ಟ ತೆನೆಯನ್ನು ಕೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಂಡರೆ ಹಾಲಿನ ಸಿಹಿ. ಈ ಸೀತನಿಗೆ ಬರುವವರು ಸುತ್ತಲಿನ ನೆಂಟರಷ್ಟೇ ಅಲ್ಲ.

ಹೊಲದ ನಡುವೆ ಅಟ್ಟಣಿಗೆ. ಅದರ ಮೇಲೆ ನಿಂತ ಹೆಂಗಸು ಡಬ್ಬಿ ಬಡಿದಳು. ಜೋಳದ ಮೇಲಿಂದ ಒಂದು ದುಪ್ಪಟಿ ಕೊಡವಿದ ಹಾಗೆ ನೂರಾರು ಹಕ್ಕಿ ಎದ್ದವು, ತಿರುಗಿದವು, ನೂರು ಮಾರು ಆಚೆ ಮತ್ತೆ ಇಳಿದವು. ಹಳದಿ ಹೊಟ್ಟೆಗಳು ಬಿಸಿಲಿಗೆ ಹೊಳೆದವು.

ಕರಿತಲೆ ಬಂಟಿಂಗ್. ಗಂಡಿನ ತಲೆ ಪೂರ್ತಿ ಕರಿ ಆಗಿರಲಿಲ್ಲ, ಕರಿ ರುಮಾಲಿನ ಮೇಲೆ ಧೂಳು ಕೂತ ಹಾಗಿತ್ತು. ಬೆನ್ನು ಇಟ್ಟಂಗಿ ಕೆಂಪು. ಇವು ಬಾಲ್ಕನ್ ದೇಶಗಳು, ತುರ್ಕಿ, ಇರಾನ್ ಕಡೆಯವು. ಜೊತೆಗೆ ಕೆಂದಲೆ ಬಂಟಿಂಗೂ ಬೆರೆತಿರುತ್ತದೆ. ಅದರ ಊರು ಇನ್ನೂ ಪೂರ್ವಕ್ಕೆ, ಮಧ್ಯ ಏಷ್ಯಾ. ಗಂಡುಗಳನ್ನು ಯಾರಾದರೂ ಗುರುತಿಸಬಹುದು, ಒಂದರ ತಲೆ ಕರಿ, ಇನ್ನೊಂದರ ಮುಖ ಕೆಂಪು. ಹೆಣ್ಣುಗಳು? ಎರಡೂ ಮಾಸಲು ಕಂದು, ಎರಡಕ್ಕೂ ಬಾಲದ ಬುಡದ ಕೆಳಗೆ ತುಸು ಹಳದಿ. ಒಂದರ ಬೆನ್ನಿನಲ್ಲಿ ಕೆಂಪು ಛಾಯೆ, ಇನ್ನೊಂದರಲ್ಲಿ ಹಸಿರು ಛಾಯೆ ಎನ್ನುತ್ತಾರೆ. ಹೊಲದಲ್ಲಿ ನಿಂತು ನೋಡುವಾಗ ಆ ಛಾಯೆ ನಮ್ಮ ಆಸೆಯ ಮೇಲೆ ಹೋಗುತ್ತದೆ. ಇರಾನಿನ ಉತ್ತರದಲ್ಲಿ ಎರಡರ ಸೀಮೆಗಳು ಸೇರುವಲ್ಲಿ ಅವು ಕೂಡಿ ಮರಿ ಮಾಡುವುದೂ ಉಂಟು. ಹಕ್ಕಿಗಳಿಗೇ ಗೊಂದಲ ಇದ್ದರೆ ನಮ್ಮದೇನು, ಅಲ್ವಾ?

ಎರಡಕ್ಕೂ ಬಾಲದ ಅಂಚಿನಲ್ಲಿ ಬಿಳಿ ಇಲ್ಲ. ಕಣ್ಣಿಗೆ ಮೇಗುಟಿಯ ಹಕ್ಕಿಯ ಹಾಗೆ ಉಂಗುರವೂ ಇಲ್ಲ. ಅವು ಕಲ್ಲಿನ ಮೇಲೆ ನಾಲ್ಕೈದಾಗಿ ಹೆಕ್ಕುವುದಿಲ್ಲ, ತೆನೆಯ ಮೇಲೆ ಹಿಂಡಾಗಿ ಕೂತು ಉಣ್ಣುತ್ತವೆ.

“ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತಿದ್ರು ಹಿರ್ಯಾರು,” ಎಂದರು ಹೊಲದವರು, ಕವಣೆಗೆ ಕಲ್ಲು ಹಾಕುತ್ತಾ. “ಈಗ ಓಣಿಗೆ ಬರೋಕ್ಕಿಂತ ಮೊದಲ ಇವ್ರ ಪಾಲು ಹೋಗತೈತಿ. ನೀವು ಇವನ್ನ ನೋಡಾಕ ಪೆಟ್ರೋಲ್ ಸುಟ್ಟು ಬಂದೀರಿ!” ಕವಣೆ ಬೀಸಿದರು. ಕಲ್ಲು ಹಿಂಡಿನ ಮೇಲೆ ದೂರ ಹಾದುಹೋಯಿತು. ಹೊಡೆಯಲಿಕ್ಕಲ್ಲ, ಎಬ್ಬಿಸಲಿಕ್ಕೆ. ಅವರ ಸಿಟ್ಟಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳೆದವರು ಅವರು. ನಾನು ಅವರದೇ ಸೀತನಿ ತಿನ್ನುತ್ತಿದ್ದೆ.

ಹಿಂಡಿನ ಒಂದು ಹೆಣ್ಣು ನಮ್ಮ ಹತ್ತಿರದ ತೆನೆಗೆ ಬಂದು ಕೂತಿತು. ಬೂದು-ಕಂದು ಮೈ, ಬರೀ ಮುಖ, ಬಾಗಿದ ಗೆರೆಯ ಕೊಕ್ಕು. ಎಲ್ಲೋ ನೋಡಿದ ಹಾಗಿದೆಯಲ್ಲ? ಕೈ ಒರೆಸಿಕೊಂಡು ಫೋನು ತೆಗೆದೆ. ಹೋದ ವರ್ಷದ ಫೋಟೊ. ಕಣ್ಣಿನ ಸುತ್ತ ಹಿಗ್ಗಿಸಿದೆ. ಉಂಗುರ ಇರಲಿಲ್ಲ. ಬಾಲದ ಬುಡದಲ್ಲಿ ತಿಳಿ ಹಳದಿ ಇತ್ತು. ಅದನ್ನು ನಾನು ಬೆಳಗಿನ ಬಿಸಿಲು ಅಂದುಕೊಂಡಿದ್ದೆ. ಕಾಲಿನ ಕೆಳಗೆ, ಹಕ್ಕಿ ದೊಡ್ಡದಾಗಿ ಕಾಣಲಿ ಎಂದು ನಾನೇ ಕತ್ತರಿಸಿ ಹಾಕಿದ ಅಂಚಿನಲ್ಲಿ, ದುಂಡನೆಯ ಬಿಳಿ ಕಾಳುಗಳ ಒಂದು ಸಾಲು ಉಳಿದುಕೊಂಡಿತ್ತು.

ಮಾಸ್ತರು ಇನ್ನೊಂದು ತೆನೆ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ.

“ಜ್ವಾಳದ ಮ್ಯಾಲ ಕುಂತಿತ್ರಿ ಸರ್,” ಎಂದೆ.

“ಹೂಂ,” ಎಂದು ಹೊಟ್ಟು ಊದಿ, ಅಂಗೈಯಲ್ಲಿದ್ದ ಕಾಳನ್ನು ನನ್ನ ಕಡೆ ಚಾಚಿದರು. ಫೈಲಿನ ಹೆಸರು ಅಳಿಸಿ, ‘ಬಂಟಿಂಗ್, ಯಾವುದೋ’ ಎಂದು ಬರೆದೆ.